ಖಾರದಪುಡಿ ಹಚ್ಚೀವಿ, ಏನೂ ಆಗಂಗಿಲ್ಲ ಬಿಡ್ರಿ

ಬ್ಯಾಡಗಿ ಮೆಣಸಿನಕಾಯಿಯ ಗುಣಗಾನ ಎಷ್ಟು ಬೇಕಾದರೂ ಮಾಡಬಹುದು. ಖಾರ ಕಮ್ಮಿ, ಬಣ್ಣ ಜಾಸ್ತಿ. ಡಬ್ಬಿ, ಕಡ್ಡಿ ಅಂತ ಎರಡು ಬಗೆ. 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಅದರಿಂದ ತೆಗೆದ ಎಣ್ಣೆ ಎಲ್ಲೆಲ್ಲೋ ಸುತ್ತಿ ಕೊನೆಗೆ ನಿಮ್ಮ ಆಫೀಸಿನ ಯಾರದೋ ಲಿಪ್‌ಸ್ಟಿಕ್ಕಿನ ಬಣ್ಣ ಆಗಿರುತ್ತದೆ. ಸೀಸನ್ನಿನಲ್ಲಿ ಎಪಿಎಂಸಿ ಪ್ರಾಂಗಣಕ್ಕೆ ಕಾಲಿಟ್ಟರೆ ಸೀನು ನಿಲ್ಲುವುದಿಲ್ಲ. ಇಷ್ಟೆಲ್ಲ ಉಪಯೋಗ ಇರುವ ಈ ಪದಾರ್ಥಕ್ಕೆ ನಮ್ಮ ಜನ ಇನ್ನೊಂದು ಉಪಯೋಗವನ್ನೂ ಕಂಡುಕೊಂಡಿದ್ದಾರೆ. ಅದು ಯಾವ ಎಪಿಎಂಸಿ ಲೆಕ್ಕಕ್ಕೂ ಸಿಗುವುದಿಲ್ಲ. ನಾಯಿ ಕಚ್ಚಿದ ಗಾಯಕ್ಕೆ ಖಾರದಪುಡಿ ಮೆತ್ತುವುದು.

ಇದು ಬ್ಯಾಡಗಿಯವರ ಪೇಟೆಂಟ್ ಅಲ್ಲ. ದೇಶದ ಉದ್ದಗಲಕ್ಕೂ ಮಾಡುತ್ತಾರೆ. ಕೆಲವರು ಸುಣ್ಣ, ಕೆಲವರು ಅರಿಶಿನ, ಕೆಲವರು ಯಾವುದೋ ಸೊಪ್ಪಿನ ರಸ. ಕೈಗೆ ಮೊದಲು ಸಿಕ್ಕಿದ್ದನ್ನು ಹಚ್ಚುವುದು ಮನುಷ್ಯನ ಸ್ವಭಾವ, ನಮ್ಮ ಸೀಮೆಯಲ್ಲಿ ಕೈಗೆ ಮೊದಲು ಸಿಗುವುದು ಖಾರದ ಡಬ್ಬಿ. ಯಾಕ್ರಿ ಹಚ್ಚಿದ್ರಿ ಅಂತ ಕೇಳಿ ನೋಡಿ. 'ನಂಜು ಸುಡತೈತ್ರಿ' ಅಂತಾರೆ. ಉರಿ ಎದ್ದಷ್ಟೂ ನಂಬಿಕೆ ಗಟ್ಟಿಯಾಗುತ್ತದೆ. ಇಷ್ಟು ಉರಿಯುತ್ತಿದೆ ಅಂದಮೇಲೆ ಒಳಗೆ ಏನೋ ಕೆಲಸ ನಡೆಯುತ್ತಿರಲೇಬೇಕು!

ನಡೆಯುತ್ತಿರುವುದು ಉಲ್ಟಾ ಕೆಲಸ. ನಾಯಿಯ ಬಾಯಲ್ಲಿ ಇರುವುದು ಹಾವಿನ ಬಾಯಲ್ಲಿದ್ದಂಥ ವಿಷ ಅಲ್ಲ, ಚೇಳಿನ ನಂಜೂ ಅಲ್ಲ. ಅದು ವೈರಸ್ಸು, ಜೊಲ್ಲಿನಲ್ಲಿ ಬರುತ್ತದೆ. ಹಲ್ಲು ಊರಿದ ಕಡೆ ಮಾಂಸದೊಳಗೆ ಇಳಿದು ಸ್ವಲ್ಪ ಕಾಲ ಅಲ್ಲೇ ಇದ್ದು, ಆಮೇಲೆ ನರದ ತುದಿ ಹಿಡಿದು ಮಿದುಳಿನ ಕಡೆ ಹೊರಡುತ್ತದೆ. ಖಾರ ಹಾಕಿ ಗಾಯ ಕೆರಳಿಸಿದರೆ, ತಿಕ್ಕಿ ತಿಕ್ಕಿ ಒಳಗೆ ಇಳಿಸಿದರೆ, ಅದಕ್ಕೆ ನೀವೇ ದಾರಿ ತೋರಿಸಿದ ಹಾಗೆ. ಅದಕ್ಕಿಂತ ದೊಡ್ಡ ಅನಾಹುತ ಎಂದರೆ, ಖಾರ ಮೆತ್ತಿದ ಗಾಯವನ್ನು ಯಾರೂ ತೊಳೆಯುವುದಿಲ್ಲ. 'ಔಷಧಿ' ಹಾಕಿ ಆಯಿತಲ್ಲ, ಇನ್ನೇನು ತೊಳೆಯೋದು?

ತೊಳೆಯುವುದೇ ಔಷಧಿ ಕಣ್ರೀ. ಈ ವೈರಸ್ಸಿನ ಮೈಮೇಲೆ ಕೊಬ್ಬಿನಂಶದ ಪೊರೆ ಇದೆ. ಕೊರೋನಾ ವೈರಸ್ಸಿಗೂ ಅಂಥದ್ದೇ ಇತ್ತು, ಅದಕ್ಕೇ ಎರಡು ವರ್ಷ ಕೈ ಸಿಪ್ಪೆ ಸುಲಿಯುವ ಹಾಗೆ ತೊಳೆದುಕೊಂಡೆವು. ಸೋಪು ಆ ಪೊರೆಯನ್ನು ಒಡೆಯುತ್ತದೆ. ನಲ್ಲಿ ಬಿಟ್ಟು, ಹರಿಯುವ ನೀರಲ್ಲಿ, ಸೋಪು ಹಚ್ಚಿ 15 ನಿಮಿಷ. ನಿಮ್ಮ ಬೆಳಗಿನ ಸ್ಟ್ಯಾಂಡ್‌ಅಪ್ ಮೀಟಿಂಗಿನಷ್ಟು ಹೊತ್ತು, ಅದಕ್ಕಿಂತ ಎಷ್ಟೋ ಪಾಲು ಉಪಯೋಗ. ಬಟ್ಟೆ ಸೋಪಾದರೂ ನಡೆಯುತ್ತದೆ. ತೊಳೆದಮೇಲೆ ಡೆಟಾಲೋ ಅಯೋಡಿನ್ನೋ ಹಾಕಿ. ಪಟ್ಟಿ ಬಿಗಿಯಬೇಡಿ, ಹೊಲಿಗೆಗೆ ಅವಸರ ಮಾಡಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ಈಗ ನಾಟಿ ಔಷಧಿಯವರು ಜಗಳಕ್ಕೆ ಬರುತ್ತಾರೆ. 'ನಮ್ಮಜ್ಜ ನೂರಾರು ಮಂದಿಗೆ ಸೊಪ್ಪು ಅರೆದು ಕುಡಿಸಿ ಉಳಿಸ್ಯಾನ, ಒಬ್ಬರಿಗೂ ಹುಚ್ಚು ಹಿಡಿದಿಲ್ಲ.' ಅಜ್ಜ ಸುಳ್ಳು ಹೇಳುತ್ತಿಲ್ಲ. ನೂರಾರು ಮಂದಿ ಬಂದಿದ್ದೂ ನಿಜ, ಉಳಿದಿದ್ದೂ ನಿಜ. ಆದರೆ ಐಸಿಎಂಆರ್ 2022-23ರಲ್ಲಿ ದೇಶದ ಮನೆಮನೆಗೆ ಹೋಗಿ ಮಾಡಿದ ಸಮೀಕ್ಷೆಯ ಅಂದಾಜು ನೋಡಿ. ವರ್ಷಕ್ಕೆ ಸುಮಾರು 91 ಲಕ್ಷ ಪ್ರಾಣಿ ಕಡಿತ, ರೇಬಿಸ್‌ನಿಂದ ಸುಮಾರು 5,726 ಸಾವು. ಭಾಗಿಸಿದರೆ 1,600 ಕಡಿತಕ್ಕೆ ಒಂದು ಸಾವು, ಹೆಚ್ಚೂಕಮ್ಮಿ. ಇದರಲ್ಲಿ ಲಸಿಕೆ ತಗೊಂಡು ಬದುಕಿದವರೂ ಸೇರಿದ್ದಾರೆ, ಒಪ್ಪಿದೆ. ಆದರೂ ಕಚ್ಚುವ ನಾಯಿಗಳಲ್ಲಿ ಬಹುಪಾಲಿಗೆ ರೇಬಿಸ್ ಇರುವುದೇ ಇಲ್ಲ ಅನ್ನುವುದು ಸ್ಪಷ್ಟ. ಹುಚ್ಚಿಲ್ಲದ ನಾಯಿ ಕಚ್ಚಿದರೆ ಸೊಪ್ಪೂ ನಾಟುತ್ತದೆ, ಖಾರವೂ ನಾಟುತ್ತದೆ, ತಾಯತವೂ ನಾಟುತ್ತದೆ, ಏನೂ ಮಾಡದೆ ಮಿರ್ಚಿ ಮಂಡಕ್ಕಿ ತಿನ್ನುತ್ತ ಕೂತರೂ ನಾಟುತ್ತದೆ! ಅಜ್ಜನ ಸಕ್ಸೆಸ್ ರೇಟ್ ನೋಡಿ ಯಾವ ಸ್ಟಾರ್ಟಪ್ ಕಂಪನಿಯೂ ನಾಚಬೇಕು.

ಕೆಟ್ಟ ನಾಯಿ ಕಚ್ಚಿದ ಆ ಒಬ್ಬನ ಕಥೆ ಅಜ್ಜನ ಹತ್ತಿರ ವಾಪಸ್ ಬರುವುದಿಲ್ಲ. ರೋಗ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳ ಮೇಲೆ, ಒಮ್ಮೊಮ್ಮೆ ಇನ್ನೂ ತಡ. ಅಷ್ಟೊತ್ತಿಗೆ ಗಾಯ ಮಾಯ್ದು, ಕಚ್ಚಿದ್ದೇ ಮರೆತುಹೋಗಿರುತ್ತದೆ. ಮೊದಲು ಜ್ವರ, ಕಚ್ಚಿದ ಜಾಗದಲ್ಲಿ ಜುಮುಜುಮು, ತುರಿಕೆ. ಆಮೇಲೆ ನೀರಿನ ಲೋಟ ಬಾಯಿ ಹತ್ತಿರ ತಂದರೆ ಗಂಟಲು ಸೆಟೆದುಕೊಳ್ಳುತ್ತದೆ, ಫ್ಯಾನಿನ ಗಾಳಿ ತಗುಲಿದರೂ ಮೈ ಕಂಪಿಸುತ್ತದೆ. ನಡುನಡುವೆ ಪೂರ್ತಿ ಎಚ್ಚರ ಇರುತ್ತದೆ, ಹೆಂಡತಿ ಮಕ್ಕಳನ್ನು ಗುರುತು ಹಿಡಿದು ಮಾತಾಡುತ್ತಾರೆ. ಗಂಟಲಿನ ಆ ಸೆಳೆತದ ಸದ್ದನ್ನೇ ಊರವರು 'ನಾಯಿ ಹಂಗ ಬೊಗಳತಾನ' ಅಂತ ಹಬ್ಬಿಸುತ್ತಾರೆ. ಈ ಹಂತ ತಲುಪಿದವರಲ್ಲಿ ಜಗತ್ತಿನಲ್ಲಿ ಇದುವರೆಗೆ ಬದುಕಿದವರು ಬಹಳ ಬಹಳ ಕಡಿಮೆ. ಡಾಕ್ಟರ್ ಮಾಡಬಹುದಾದ್ದು ನೋವು ಕಡಿಮೆ ಮಾಡುವುದಷ್ಟೆ. ಅದಕ್ಕೆ ಮುಂಚೆ ಸಿಕ್ಕ ಅಷ್ಟೂ ದಿನಗಳಲ್ಲಿ ಪೂರ್ತಿ ತಡೆಯಬಹುದಾಗಿದ್ದ ರೋಗ ಇದು. 'ನೋಡೋಣ ತಡಿ' ಅಂತ ಕೂತ ದಿನಗಳು.

ಆಸ್ಪತ್ರೆಗೆ ಯಾಕೆ ಹೋಗಲ್ಲ? ಹೊಕ್ಕಳ ಸುತ್ತ 14 ಇಂಜೆಕ್ಷನ್ ಭಯ. ಹುಟ್ಟಿದಾಗಿನಿಂದ ಕೇಳಿರುತ್ತೇವಲ್ಲ. ಅದು ಕಟ್ಟುಕಥೆಯಾಗಿರಲಿಲ್ಲ. ಡೇವಿಡ್ ಸೆಂಪಲ್ ಎಂಬ ಬ್ರಿಟಿಷ್ ವೈದ್ಯ 1911ರಲ್ಲಿ ಕಸೌಲಿಯಲ್ಲಿ ರೂಪಿಸಿದ ಲಸಿಕೆ ಅದು, ಕುರಿಯ ಮಿದುಳಿನಲ್ಲಿ ಬೆಳೆಸಿದ್ದು. ಹೊಟ್ಟೆಯ ಚರ್ಮಕ್ಕೆ ದಿನಾ ಒಂದರಂತೆ ಚುಚ್ಚುತ್ತಿದ್ದರು. ಕೆಲವರಿಗೆ ಲಸಿಕೆಯಿಂದಲೇ ಲಕ್ವ ಹೊಡೆಯುತ್ತಿತ್ತು. ನಮ್ಮ ದೇಶ ಅದನ್ನು ನಿಲ್ಲಿಸಿದ್ದು 2004ರ ಕೊನೆಗೆ. ಅಂದರೆ ನಿಲ್ಲಿಸಿ ಎರಡು ದಶಕ ದಾಟಿದೆ, ಭಯ ಮಾತ್ರ ನಿಂತಿಲ್ಲ. ಈಗ ಕೊಡುವುದು ತೋಳಿಗೆ. ಸರಕಾರಿ ಆಸ್ಪತ್ರೆಗಳಲ್ಲಿ ಚರ್ಮದ ಪದರದೊಳಗೆ ಚೂರೇ ಚೂರು ಔಷಧಿ, 0, 3, 7, 28ನೇ ದಿನ. ನಾಲ್ಕು ಸಲ ಹೋಗಿಬಂದರೆ ಮುಗೀತು. ಮಾಂಸಖಂಡಕ್ಕೆ ಕೊಡುವವರು 14ನೇ ದಿನ ಇನ್ನೊಂದು ಸೇರಿಸಿ ಐದು ಮಾಡುತ್ತಾರೆ.

'ನಾಲ್ಕೇ ಸಲ' ಅನ್ನುವುದು ಸಂಬಳದ ರಜೆ ಇರುವ ನಮ್ಮ ನಿಮ್ಮ ಭಾಷೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಗಳಿಗೆ ನಾಲ್ಕು ಸಲ ಅಂದರೆ ನಾಲ್ಕು ದಿನದ ಕೂಲಿ. ಬೆಂಗಳೂರಲ್ಲಿ ನಿಮ್ಮ ಬಿರಿಯಾನಿ ತರುವ ಹುಡುಗನಿಗೆ ನಾಲ್ಕು ದಿನದ ಇನ್ಸೆಂಟಿವ್ ಖೋತಾ. ಎರಡು ಡೋಸ್ ಆದಮೇಲೆ ಗಾಯ ಒಣಗಿರುತ್ತದೆ, ಮೂರನೆಯದಕ್ಕೆ ಸಾಹುಕಾರ ರಜೆ ಕೊಡುವುದಿಲ್ಲ. ಅದೇ ಐಸಿಎಂಆರ್ ಸಮೀಕ್ಷೆಯಲ್ಲಿ ಪ್ರಾಣಿ ಕಚ್ಚಿದ ಐವರಲ್ಲಿ ಒಬ್ಬರು ಲಸಿಕೆಯನ್ನೇ ತಗೊಂಡಿರಲಿಲ್ಲ, ಶುರು ಮಾಡಿದವರಲ್ಲೂ ಅರ್ಧದಷ್ಟು ಜನ ಪೂರ್ತಿ ಮಾಡಿರಲಿಲ್ಲ. ಇವರನ್ನೆಲ್ಲ ಅಜ್ಞಾನಿಗಳು ಅಂತ ತಳ್ಳಿಹಾಕುವುದು ಸುಲಭ. ನಿಮ್ಮ ಮನೆ ಕೆಲಸದವರಿಗೆ ನಾಯಿ ಕಚ್ಚಿದರೆ ನಾಲ್ಕೂ ದಿನ ಸಂಬಳ ಕಡಿಯದೆ ಕಳಿಸುತ್ತೀರಾ ಅಂತ ಮೊದಲು ಹೇಳಿ.

ಲಸಿಕೆಯ ಮಾತಾದರೂ ಜನರಿಗೆ ಗೊತ್ತು. ಗೊತ್ತೇ ಇಲ್ಲದ ಇನ್ನರ್ಧ ಇಮ್ಯುನೊಗ್ಲಾಬ್ಯುಲಿನ್. ಲಸಿಕೆ ಹಾಕಿದ ತಕ್ಷಣ ಮೈಯಲ್ಲಿ ರಕ್ಷಣೆ ಹುಟ್ಟುವುದಿಲ್ಲ, ಒಂದರಿಂದ ಎರಡು ವಾರ ಬೇಕು. ಆ ನಡುವಿನ ದಿನಗಳಲ್ಲಿ ವೈರಸ್ಸನ್ನು ಗಾಯದಲ್ಲೇ ಕಟ್ಟಿಹಾಕಲು ಸಿದ್ಧ ಪ್ರತಿಕಾಯಗಳನ್ನು ಗಾಯದ ಒಳಗೂ ಸುತ್ತಲೂ ಚುಚ್ಚಬೇಕು. ರಕ್ತ ಬರುವ ಹಾಗೆ ಕಚ್ಚಿದರೆ, ತೆರೆದ ಗಾಯವನ್ನೋ ಬಾಯಿ ಕಣ್ಣುಗಳನ್ನೋ ನೆಕ್ಕಿದರೆ, ಕಾಡುಪ್ರಾಣಿ ಕಚ್ಚಿದರೆ ಇದು ಮೂರನೇ ದರ್ಜೆಯ ಕಡಿತ, ಬೇಕೇ ಬೇಕು. ಮೊದಲ ದಿನ ಸಿಗದಿದ್ದರೆ ಲಸಿಕೆ ಶುರುವಾದ ಏಳು ದಿನದೊಳಗಾದರೂ ಕೊಡಬೇಕು. ಮಕ್ಕಳ ವಿಷಯದಲ್ಲಂತೂ ತಡ ಅನ್ನುವ ಮಾತೇ ಇಲ್ಲ. ನಾಯಿಯ ಎತ್ತರಕ್ಕೆ ಸರಿಯಾಗಿ ಅವರ ಮುಖ ಇರುತ್ತದೆ, ಕಾಲಿನಿಂದ ಮಿದುಳಿಗೆ ದಾರಿ ಉದ್ದ, ಕೆನ್ನೆಯಿಂದ ಒಂದು ಗೇಣು. ಜಗತ್ತಿನಲ್ಲಿ ರೇಬಿಸ್‌ನಿಂದ ಸಾಯುವವರಲ್ಲಿ ಶೇ. 40ರಷ್ಟು 15 ವರ್ಷದೊಳಗಿನವರು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 'ಲಸಿಕೆ ಐತಿ, ಅದಿಲ್ಲ, ಜಿಲ್ಲಾಸ್ಪತ್ರೆಗೆ ಹೋಗ್ರಿ' ಎಂಬ ಒಂದು ವಾಕ್ಯದಲ್ಲಿ ಒಂದು ಮಗುವಿನ ಒಂದಿಡೀ ದಿನ ಹೋಗುತ್ತದೆ.

ಈಗ ನಮ್ಮ ಜಗಳಕ್ಕೆ ಬರೋಣ. 2025ರ ಆಗಸ್ಟ್ 11ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ದೆಹಲಿ ಸುತ್ತಮುತ್ತಲ ಬೀದಿನಾಯಿಗಳನ್ನೆಲ್ಲ ಶೆಲ್ಟರಿಗೆ ಹಾಕಿ ಅಂದಿತು. ಹನ್ನೊಂದೇ ದಿನಕ್ಕೆ ಮೂವರ ಪೀಠ ಅದನ್ನು ಬದಲಿಸಿ, ಸಂತಾನಹರಣ ಮಾಡಿ, ಲಸಿಕೆ ಹಾಕಿ ಹಿಡಿದ ಜಾಗಕ್ಕೇ ಬಿಡಿ, ರೇಬಿಸ್ ಇರುವ ಮತ್ತು ಮೈಮೇಲೆ ಎರಗುವ ನಾಯಿಗಳನ್ನು ಮಾತ್ರ ಬಿಡಬೇಡಿ ಅಂದಿತು. ನವೆಂಬರ್ 7ಕ್ಕೆ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ತೆಗೆಯಿರಿ ಅಂತ ಇನ್ನೊಂದು ಆದೇಶ. ಇದರ ಮುಂಚೆ ಜುಲೈನಲ್ಲಿ ಆಗಿನ ಬಿಬಿಎಂಪಿ ಸುಮಾರು 5,000 ನಾಯಿಗಳಿಗೆ ಚಿಕನ್ ರೈಸ್ ಹಾಕುತ್ತೇವೆ ಅಂತ 2.88 ಕೋಟಿಯ ಟೆಂಡರ್ ಕರೆದು ನಗೆಪಾಟಲಾಗಿತ್ತು. ಆ ನಾಲ್ಕೈದು ತಿಂಗಳು ಅಪಾರ್ಟ್‌ಮೆಂಟ್ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ನಡೆದದ್ದು ಕುರುಕ್ಷೇತ್ರ. ಒಂದು ಕಡೆ ಪೆಟ್ ಪೇರೆಂಟುಗಳು, ಇನ್ನೊಂದು ಕಡೆ ಕೊಲ್ಲಿಸಿಬಿಡಿ ಅನ್ನುವ ಅಂಕಲ್‌ಗಳು. ಅಷ್ಟು ಮೆಸೇಜುಗಳಲ್ಲಿ 'ನಮ್ಮ ಬೀದಿಯ ನಾಯಿಗಳಲ್ಲಿ ಈ ವರ್ಷ ಎಷ್ಟಕ್ಕೆ ಲಸಿಕೆ ಆಗಿದೆ?' ಅಂತ ಯಾರಾದರೂ ಕೇಳಿದ್ದನ್ನು ನೋಡಿದ್ದೀರಾ? ಇಡೀ ವಿಷಯದಲ್ಲಿ ರೇಬಿಸ್‌ಗೆ ಸಂಬಂಧಪಟ್ಟ ಪ್ರಶ್ನೆ ಅದೊಂದೇ.

ಕೊಲ್ಲಿಸುವವರಿಗೆ: ನೂರಕ್ಕೆ ನೂರು ನಾಯಿ ಕೊಲ್ಲಲು ಯಾವ ಊರಿಗೂ ಆಗಿಲ್ಲ. ಖಾಲಿಯಾದ ಬೀದಿಗೆ ಪಕ್ಕದ ಏರಿಯಾದ, ಲಸಿಕೆ ಇಲ್ಲದ ನಾಯಿಗಳು ಬರುತ್ತವೆ. ಲಸಿಕೆ ಹಾಕಿದ ನಾಯಿಯನ್ನು ಕೊಂದರೆ ನಿಮ್ಮ ಬೇಲಿಯನ್ನು ನೀವೇ ಕಿತ್ತ ಹಾಗೆ. ಅನ್ನ ಹಾಕುವವರಿಗೆ: ನಿಮ್ಮ ಪ್ರೀತಿಯ ಬಗ್ಗೆ ನನಗೆ ತಕರಾರಿಲ್ಲ, ಅದು ಅರ್ಧಕ್ಕೆ ನಿಲ್ಲುತ್ತದೆ ಅನ್ನುವುದೇ ತಕರಾರು. ನಾಯಿ ಹತ್ತಿರ ಬರುವುದು, ಕುತ್ತಿಗೆ ಹಿಡಿಯಲು ಬಿಡುವುದು ನಿಮ್ಮೊಬ್ಬರಿಗೇ. ಲಸಿಕೆ ಹಾಕುವವರಿಗೆ ನಿಮ್ಮಷ್ಟು ಬೇಕಾದವರು ಇನ್ನಾರೂ ಇಲ್ಲ. ವರ್ಷಕ್ಕೊಂದು ದಿನ ಪಶುವೈದ್ಯರನ್ನು ಕರೆಸಿ, ಆ ನಾಯಿಗಳನ್ನು ಹಿಡಿದುಕೊಡಿ. ಮುನ್ನೂರೈವತ್ತು ದಿನ ಅನ್ನ ಹಾಕಿ ಆ ಒಂದು ಕೆಲಸ ಮಾಡದಿದ್ದರೆ, ಕಚ್ಚಿಸಿಕೊಳ್ಳುವವನು ನೀವಲ್ಲ, ರಾತ್ರಿ ಹನ್ನೊಂದಕ್ಕೆ ಪಾರ್ಸೆಲ್ ಹಿಡಿದು ಬರುವ ಹುಡುಗ.

ನಾಯಿಪ್ರೀತಿಯನ್ನು ಇಂದಿರಾನಗರದವರ ಶೋಕಿ ಅಂತ ಬೈಯುವವರು ಒಮ್ಮೆ ರಾಣೆಬೆನ್ನೂರು ತಾಲೂಕಿನ ದೇವರಗುಡ್ಡಕ್ಕೆ ಹೋಗಿಬರಬೇಕು. ಅಲ್ಲಿ ಮಾಲತೇಶನ ಸನ್ನಿಧಿಯಲ್ಲಿ ಕಂಬಳಿ ತೊಟ್ಟ ಗೊರವಯ್ಯಗಳು ತಾವು ದೇವರ ನಾಯಿಗಳು ಅಂತ ಬೊಗಳಿ, ದೋಣಿಗೆ ಬಾಯಿ ಹಚ್ಚಿ ಹಾಲು ಬಾಳೆಹಣ್ಣು ಉಣ್ಣುತ್ತಾರೆ. ದೇವರ ಜೊತೆ ನಾಯಿಗೂ ಜಾಗ ಕೊಟ್ಟ ಸೀಮೆ ಇದು. ಆ ನಾಯಿಗೆ ಲಸಿಕೆ ಹಾಕಿಸುವುದು ಯಾವ ಸಂಪ್ರದಾಯಕ್ಕೂ ವಿರುದ್ಧ ಅಲ್ಲ.

ಆಗುತ್ತದಾ ಅಂದರೆ, ಪಕ್ಕದಲ್ಲೇ ಆಗಿದೆ. ಹಾವೇರಿಯಿಂದ ಬೆಂಗಳೂರಿಗಿಂತ ಹತ್ತಿರ ಇರುವ ಗೋವಾದಲ್ಲಿ. ಸರಕಾರ, ಮಿಷನ್ ರೇಬಿಸ್ ಎಂಬ ಸಂಸ್ಥೆ, ಪಶುವೈದ್ಯರು ಸೇರಿ ವರ್ಷಕ್ಕೆ ಲಕ್ಷದ ಹತ್ತಿರ ನಾಯಿಗಳಿಗೆ ಲಸಿಕೆ ಹಾಕಿದರು. ಬಲೆ ಹಿಡಿದು ಬೀದಿ ಬೀದಿ ಸುತ್ತಿ, ಯಾವ ನಾಯಿಗೆ ಆಯಿತು ಅಂತ ಮೊಬೈಲ್ ಆ್ಯಪಿನಲ್ಲಿ ಗುರುತು ಹಾಕಿ, ಶಾಲೆಗಳಿಗೆ ಹೋಗಿ ಮಕ್ಕಳಿಗೆ ಹೇಳಿಕೊಟ್ಟರು. ಒಂದು ಊರಿನ ನಾಯಿಗಳಲ್ಲಿ ಶೇ. 70ಕ್ಕೆ ಲಸಿಕೆ ಆದರೆ ರೋಗದ ಕೊಂಡಿ ಕಡಿಯುತ್ತದೆ ಎನ್ನುವುದು ಹಳೆಯ ಲೆಕ್ಕ. ಅವರು ಅದನ್ನು ಮಾಡಿ ತೋರಿಸಿದರು. 2018ರಿಂದ ಸತತ ಮೂರು ವರ್ಷ ಮನುಷ್ಯರ ಸಾವಿಲ್ಲ ಅಂತ 2021ರಲ್ಲಿ ಗೋವಾವನ್ನು ರೇಬಿಸ್ ನಿಯಂತ್ರಿತ ರಾಜ್ಯ ಎಂದು ಘೋಷಿಸಿದರು. ವೀಕೆಂಡಿಗೆ ಗೋವಾಕ್ಕೆ ಹೋಗಿ ಬೀಚಿನ ನಾಯಿಯ ಜೊತೆ ಸೆಲ್ಫಿ ಹಾಕುತ್ತೀರಲ್ಲ, ಅದರ ಹಿಂದೆ ಇಷ್ಟು ಕೆಲಸ ಇದೆ.

ನಮ್ಮಲ್ಲಿ ಏನು ಕಮ್ಮಿ? ರೇಬಿಸ್ ಪತ್ತೆಯಲ್ಲಿ ದೇಶಕ್ಕೇ ದೊಡ್ಡ ಹೆಸರಿನ ಎರಡು ಲ್ಯಾಬುಗಳು ಬೆಂಗಳೂರಲ್ಲಿವೆ. ಮನುಷ್ಯರ ಮಾದರಿಗೆ ನಿಮ್ಹಾನ್ಸ್, ಪ್ರಾಣಿಗಳದ್ದಕ್ಕೆ ಹೆಬ್ಬಾಳದ ಪಶುವೈದ್ಯ ಕಾಲೇಜು. ದೇಶದಲ್ಲಿ ರೇಬಿಸ್ ಸಾವು ವರ್ಷಕ್ಕೆ 20 ಸಾವಿರ ಎಂಬ ಹಳೆಯ ಅಂದಾಜನ್ನು ಕೊಟ್ಟ 2003ರ ಸಮೀಕ್ಷೆಯ ಮುಂದಾಳು ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ಕಾಲೇಜಿನ ಡಾ. ಎಂ.ಕೆ. ಸುದರ್ಶನ್. ಮನುಷ್ಯರ ರೇಬಿಸ್ಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ ಅಂತ ಕರ್ನಾಟಕ 2022ರ ಡಿಸೆಂಬರಿನಲ್ಲೇ ಘೋಷಿಸಿದೆ. ಜ್ಞಾನಕ್ಕೆ ಬರ ಇಲ್ಲ. ಆ ಜ್ಞಾನ ತುಮಕೂರು ದಾಟಿ, ದಾವಣಗೆರೆ ದಾಟಿ, ಬ್ಯಾಡಗಿ ಕ್ರಾಸಿನಲ್ಲಿ ಇಳಿಯುವುದಿಲ್ಲ. ಅಷ್ಟೆ. 2025ರ ಮೊದಲ ಆರು ತಿಂಗಳಲ್ಲಿ ರಾಜ್ಯದಲ್ಲಿ 2.31 ಲಕ್ಷ ನಾಯಿ ಕಡಿತ, 19 ಸಾವು ಅಂತ ಆರೋಗ್ಯ ಇಲಾಖೆಯ ಲೆಕ್ಕ. ಹತ್ತೊಂಬತ್ತೇ ಅಲ್ಲವಾ ಅಂತ ಉಸಿರು ಬಿಡಬೇಡಿ. ಆಸ್ಪತ್ರೆ ಕೈಚೆಲ್ಲಿ ಮನೆಗೆ ಕಳಿಸಿದ ಮೇಲೆ ಸತ್ತವರನ್ನು, 'ಗಾಳಿ ಸೋಕಿತ್ತು' ಅಂತ ಮಣ್ಣು ಮಾಡಿದವರನ್ನು ಯಾವ ಪೋರ್ಟಲ್ಲೂ ಎಣಿಸುವುದಿಲ್ಲ.

ನಾಯಿಯ ಬಗ್ಗೆಯೇ ಮಾತಾಡುತ್ತ ದನದ ವಿಷಯ ಬಿಟ್ಟುಹೋಗುತ್ತದೆ, ಹಾವೇರಿ ಸೀಮೆಯಲ್ಲಿ ಅದನ್ನು ಬಿಡುವಂತಿಲ್ಲ. ದೀಪಾವಳಿ ಬಂತೆಂದರೆ ಹೋರಿ ಹಬ್ಬ. ಕೊಬ್ಬರಿ ಸರ, ಬಲೂನು ಕಟ್ಟಿಸಿಕೊಂಡು ಓಡುವ ಹೋರಿಗೆ ಇಲ್ಲಿ ಸಿನಿಮಾ ಹೀರೋಗಿಂತ ದೊಡ್ಡ ಅಭಿಮಾನಿ ಬಳಗ. ಅಂಥ ಹೋರಿಗೋ, ಎಮ್ಮೆಗೋ ಹುಚ್ಚುನಾಯಿ ಕಚ್ಚಿದ್ದು ಮಾಲೀಕನಿಗೆ ಗೊತ್ತೇ ಇರುವುದಿಲ್ಲ, ರಾತ್ರಿ ಹಕ್ಕಿಯಲ್ಲಿ ನಡೆದಿರುತ್ತದೆ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮದ ಅಂಚಿನ ಊರುಗಳಲ್ಲಾದರೆ ತೋಳ, ನರಿಗಳ ಕಾಟವೂ ಇದ್ದದ್ದೇ. ಅವಕ್ಕೂ ಇದೇ ರೋಗ ತಗಲುತ್ತದೆ. ಕೆಲವು ವಾರದ ಮೇಲೆ ದನ ಮೇವು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ಗಂಟಲು ಕಟ್ಟಿದ ಹಾಗೆ ವಿಚಿತ್ರವಾಗಿ ಕೂಗುತ್ತದೆ. 'ಏನೋ ಸಿಕ್ಕೊಂಡೈತಿ' ಅಂತ ಮಾಲೀಕ ಬಾಯಿಗೆ ಮೊಳಕೈವರೆಗೆ ಕೈ ಹಾಕಿ ತಡಕುತ್ತಾನೆ. ಬೆರಳಿನಲ್ಲಿ ಕುಡುಗೋಲು ತಾಗಿದ ಗಾಯವೊಂದು ಇದ್ದೇ ಇರುತ್ತದೆ. ಎರಡು ದಿನಕ್ಕೆ ದನ ಸಾಯುತ್ತದೆ, ಆಮೇಲೆ ಅದರ ಹಾಲು ಕುಡಿದ ಓಣಿಗೆ ಓಣಿಯೇ ಹೆದರಿ ಆಸ್ಪತ್ರೆಗೆ ಓಡುತ್ತದೆ. ಕಾಯಿಸಿದ ಹಾಲು ಕುಡಿದವರಿಗೆ ಭಯ ಇಲ್ಲ. ನಿಜವಾಗಿ ಓಡಬೇಕಾದವನು ಬಾಯಿಗೆ ಕೈ ಹಾಕಿದವನು, ಅವನು ಸತ್ತ ದನದ ಸಾಲದ ಚಿಂತೆಯಲ್ಲಿ ಕಟ್ಟೆ ಮೇಲೆ ಕೂತಿರುತ್ತಾನೆ. ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪನಿಗೆ, ದೊಡ್ಡಪ್ಪನಿಗೆ ಬೇರೇನೂ ಹೇಳದಿದ್ದರೂ ಇದೊಂದು ಹೇಳಿ: ಜೊಲ್ಲು ಸುರಿಸೋ ದನದ ಬಾಯಾಗ ಬರಿಗೈ ಹಾಕಬ್ಯಾಡ್ರಿ, ಡಾಕ್ಟರನ್ನ ಕರೀರಿ.

ಇನ್ನೊಂದು ಅರ್ಧ ತಪ್ಪು ತಿಳಿವಳಿಕೆ 'ಹತ್ತು ದಿನ ನಾಯಿ ನೋಡೋಣ' ಅನ್ನುವುದು, ಓದಿದವರಲ್ಲೇ ಇದು ಜಾಸ್ತಿ. ಕಚ್ಚಿದ ನಾಯಿಯೋ ಬೆಕ್ಕೋ ಹತ್ತು ದಿನ ಆರೋಗ್ಯವಾಗಿ ಬದುಕಿದ್ದರೆ ಕಚ್ಚಿದ ಹೊತ್ತಿನಲ್ಲಿ ಅದರ ಜೊಲ್ಲಿನಲ್ಲಿ ರೇಬಿಸ್ ಇರಲಿಲ್ಲ ಅನ್ನುವುದು ಸರಿ. ಆದರೆ ಆ ಹತ್ತು ದಿನ ಕಾಯುವುದು ಮೊದಲ ಡೋಸುಗಳನ್ನು ತಗೊಳ್ಳುತ್ತ, ತಗೊಳ್ಳದೆ ಅಲ್ಲ. ನಾಯಿ ಆರಾಮಿದ್ದರೆ ಮುಂದಿನದನ್ನು ಡಾಕ್ಟರ್ ನಿಲ್ಲಿಸಬಹುದು. ಬೀದಿನಾಯಿಯನ್ನಂತೂ ಹತ್ತು ದಿನ ಎಲ್ಲಿ ಅಂತ ಹುಡುಕುತ್ತೀರಿ?

ದೇಶದ ಗುರಿ 2030ಕ್ಕೆ ನಾಯಿಯಿಂದ ಬರುವ ರೇಬಿಸ್ ಸಾವು ಸೊನ್ನೆ. 2021ರ ಸೆಪ್ಟೆಂಬರ್ 28ಕ್ಕೆ ಘೋಷಿಸಿದ ರಾಷ್ಟ್ರೀಯ ಯೋಜನೆ ಅದು. 2023ರ ನಿಯಮಗಳ ಪ್ರಕಾರ ಬೀದಿನಾಯಿಗಳ ಲಸಿಕೆ, ಸಂತಾನಹರಣ ಸ್ಥಳೀಯ ಸಂಸ್ಥೆಯ ಜವಾಬ್ದಾರಿ. ಬ್ಯಾಡಗಿಯಲ್ಲಾದರೆ ಪುರಸಭೆ, ಹಾವೇರಿ ರಾಣೆಬೆನ್ನೂರಲ್ಲಾದರೆ ನಗರಸಭೆ. ನಿಮಗೆ ಆನ್‌ಲೈನ್ ಪಿಟಿಷನ್‌ಗೆ ಸಹಿ ಹಾಕುವಷ್ಟು ಪುರುಸೊತ್ತಿದ್ದರೆ, ಹತ್ತು ರೂಪಾಯಿ ಕಟ್ಟಿ ನಿಮ್ಮ ಊರಿನ ಪುರಸಭೆಗೆ ಒಂದು ಆರ್‌ಟಿಐ ಹಾಕುವಷ್ಟೂ ಇರುತ್ತದೆ. ಕಳೆದ ವರ್ಷ ಎಷ್ಟು ನಾಯಿಗೆ ರೇಬಿಸ್ ಲಸಿಕೆ ಹಾಕಿದ್ದೀರಿ, ಎಷ್ಟು ಖರ್ಚು, ಯಾವ ವಾರ್ಡು? ಇನ್ನೊಂದು ಅರ್ಜಿ ತಾಲೂಕು ಆಸ್ಪತ್ರೆಗೆ: ಹೋದ ವರ್ಷ ಯಾವ ಯಾವ ತಿಂಗಳು ಇಮ್ಯುನೊಗ್ಲಾಬ್ಯುಲಿನ್ ಸ್ಟಾಕ್ ಇರಲಿಲ್ಲ? ಉತ್ತರ ಬರಲು 30 ದಿನ. ಅಲ್ಲಿವರೆಗೆ ಅಮ್ಮನಿಗೆ ಫೋನ್ ಮಾಡಿ, ಅಡುಗೆಮನೆಯ ಖಾರದ ಡಬ್ಬಿ ಅಡುಗೆಗೆ, ಬಚ್ಚಲಿನ ಸೋಪು ನಾಯಿ ಕಚ್ಚಿದ್ದಕ್ಕೆ ಅಂತ ಹೇಳಿಡಿ. ನಗ್ತಾರೆ, ನಗಲಿ.